ರೊಟ್ಟಿಯ ಲೆಕ್ಕ ಕಲಿಸುವ ಮೇಡಂ

ಲಕ್ಷಗಟ್ಟಲೆ ರೊಟ್ಟಿ ಬಡಿಯುವ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ರಕ್ತ ತೆಳುವಾಗಿದೆ. ಒಲೆಯ ಮುಂದಿನ ಅನುಭವಕ್ಕೆ ತಕ್ಕಡಿ, ಅಳತೆ ಪಟ್ಟಿ, ಪರೀಕ್ಷಾ ನಳಿಕೆ ಸೇರಿಸಿ ಪಾಠ ಮಾಡುವವರು ಗೃಹವಿಜ್ಞಾನದ ಉಪನ್ಯಾಸಕಿಯರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹುಡುಗಿಯೊಬ್ಬಳು ಆ ಕುರ್ಚಿಗೆ ತಲುಪುವುದು ಹೇಗೆ? ತಲುಪಿದರೆ ಮಾಡಬೇಕಾದ ಕೆಲಸ ಎಷ್ಟಿದೆ?

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳ ಸೀಮೆಯ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬೆಳಗಿನಿಂದ ಸಂಜೆವರೆಗೆ ನಿಲ್ಲುವುದಿಲ್ಲ. ಹೆಂಗಸರು ಒಂದೇ ಅಂಗಳದಲ್ಲಿ ಸಾಲಾಗಿ ಒಲೆ ಹೂಡುತ್ತಾರೆ. ಒಬ್ಬಾಕೆ ಹಿಟ್ಟು ನಾದಿದರೆ, ಇನ್ನೊಬ್ಬಾಕೆ ಬಡಿಯುತ್ತಾಳೆ, ಮತ್ತೊಬ್ಬಾಕೆ ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕುತ್ತಾಳೆ. ಖಡಕ್ ಆದ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಹೇರುತ್ತಾರೆ. ಜೊತೆಗೆ ಮಾದಲಿ, ಕಾಳು, ಬೆಲ್ಲ. ಡೊಳ್ಳು, ಭಜನೆಯೊಂದಿಗೆ ಊರೂರಿನಿಂದ ಹೊರಟ ಆ ರೊಟ್ಟಿ ಗವಿಸಿದ್ಧೇಶ್ವರನ ಮಹಾದಾಸೋಹದಲ್ಲಿ ಬೆಟ್ಟದಂತೆ ಬೀಳುತ್ತದೆ.

ಲಕ್ಷಾಂತರ ಜನ ಉಂಡು ಹೋಗುತ್ತಾರೆ. ಯಾರ ಹೆಸರೂ ಯಾವ ರೊಟ್ಟಿಯ ಮೇಲೂ ಇರುವುದಿಲ್ಲ. ಇಷ್ಟು ದೊಡ್ಡ ಅಡುಗೆಯನ್ನು ಕಂಪನಿ ಇಲ್ಲದೆ, ಮ್ಯಾನೇಜರ್ ಇಲ್ಲದೆ ಮಾಡಿ ಮುಗಿಸುವ ಹೆಣ್ಣುಮಕ್ಕಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಗೌರವದಿಂದಲೇ ಒಂದು ಪ್ರಶ್ನೆಯೂ ಏಳುತ್ತದೆ. ಇಷ್ಟು ರೊಟ್ಟಿ ಬಡಿಯುವ ಕೈಗಳ ಮೈಯಲ್ಲಿ ರಕ್ತ ಎಷ್ಟಿದೆ?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಶೇ 35.4. ಇದು ಇಡೀ ರಾಜ್ಯದ ಸರಾಸರಿ. ಇದನ್ನು ಆಸ್ಪತ್ರೆಯ ಸಮಸ್ಯೆ ಎಂದುಕೊಂಡು ಗುಳಿಗೆ ಕೊಟ್ಟು ಕೈತೊಳೆದುಕೊಂಡಿದ್ದೇವೆ. ಇದು ಅಡುಗೆಮನೆಯ, ಸಂತೆಯ, ರೇಷನ್ ಅಂಗಡಿಯ, ನೀರಿನ ಟ್ಯಾಂಕಿನ ಸಮಸ್ಯೆಯೂ ಹೌದು. ಇವೆಲ್ಲವನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಒಂದೇ ಒಂದು ವಿಷಯ ನಮ್ಮ ಕಾಲೇಜುಗಳಲ್ಲಿದೆ. ಅದು ಗೃಹವಿಜ್ಞಾನ.

ತಕ್ಕಡಿಯ ಮೇಲೆ ಹಿಟ್ಟು

ಗೃಹವಿಜ್ಞಾನದ ಪ್ರಯೋಗಾಲಯಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗ್ಯಾಸ್ ಒಲೆ. ಅದನ್ನು ಕಂಡವರೇ ‘ಇದು ಅಡುಗೆ ಕ್ಲಾಸ್’ ಎಂದು ತೀರ್ಮಾನಿಸಿ ಹೊರಬರುತ್ತಾರೆ. ಒಲೆಯ ಪಕ್ಕದಲ್ಲೇ ತಕ್ಕಡಿ ಇರುತ್ತದೆ. ಪಾಠ ಶುರುವಾಗುವುದು ಅಲ್ಲಿಂದ.

ನೂರೈವತ್ತು ಗ್ರಾಂ ಜೋಳದ ಹಿಟ್ಟು ತೂಗಿ. ಒಂದು ಹೊತ್ತಿನ ಊಟದ ರೊಟ್ಟಿಗೆ ಸಾಕು. ಪಕ್ಕದಲ್ಲಿ ಅಷ್ಟೇ ಸಜ್ಜೆ ಹಿಟ್ಟು, ಅಷ್ಟೇ ಪಾಲಿಶ್ ಆದ ಬಿಳಿ ಅಕ್ಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಪಟ್ಟಿ ತೆಗೆದರೆ ಪ್ರತಿ ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣಾಂಶ, ಜೋಳದಲ್ಲಿ ಸುಮಾರು 4, ಬಿಳಿ ಅಕ್ಕಿಯಲ್ಲಿ 0.65. ಗುಣಿಸಿ ನೋಡಿದರೆ ಸಜ್ಜೆ ರೊಟ್ಟಿ ಉಂಡವಳಿಗೆ ಒಂಬತ್ತೂವರೆ ಮಿಲಿಗ್ರಾಂ, ಜೋಳದ ರೊಟ್ಟಿ ಉಂಡವಳಿಗೆ ಆರು, ಅನ್ನ ಉಂಡವಳಿಗೆ ಒಂದು.

16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದದ್ದು 32 ಮಿಲಿಗ್ರಾಂ. ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದ ಕೂಡಲೇ ಹುಡುಗಿಯರು ಮನಸ್ಸಿನಲ್ಲೇ ತಮ್ಮ ನಿನ್ನೆಯ ಊಟ ಕೂಡಿಸತೊಡಗುತ್ತಾರೆ.

ಈ ಲೆಕ್ಕ ಕೊಪ್ಪಳ ಜಿಲ್ಲೆಯಲ್ಲಿ ಇರುವಷ್ಟು ಸ್ಪಷ್ಟವಾಗಿ ಬೇರೆಡೆ ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ತಟ್ಟೆಗಳಿವೆ. ಯಲಬುರ್ಗಾ, ಕುಕನೂರಿನ ಎರೆ ಹೊಲದಲ್ಲಿ ಜೋಳ, ಕಡಲೆ. ಕುಷ್ಟಗಿಯ ಮಸಾರಿಯಲ್ಲಿ ಸಜ್ಜೆ, ಹೆಸರು. ಗಂಗಾವತಿಯ ಕಡೆ ಹೊರಳಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಗಂಗಾವತಿಗೆ ಅಕ್ಕಿ ಗಿರಣಿ ಬಂತು, ದುಡ್ಡು ಬಂತು. ತಟ್ಟೆಯಲ್ಲಿ ಜೋಳ ಇದ್ದ ಜಾಗಕ್ಕೆ ಅನ್ನ ಬಂತು. ರೇಷನ್ ಅಕ್ಕಿ ಅದೇ ಬದಲಾವಣೆಯನ್ನು ಒಣಭೂಮಿಯ ಹಳ್ಳಿಗೂ ತಂದಿತು. ಹಸಿವು ಕಡಿಮೆಯಾಯಿತು. ಅದು ಸಣ್ಣ ಮಾತಲ್ಲ. ಆದರೆ ಹೊಟ್ಟೆ ತುಂಬಿದ್ದು ಬೇರೆ, ರಕ್ತ ಏರಿದ್ದು ಬೇರೆ ಎಂಬುದನ್ನು ಯಾರೋ ಒಬ್ಬರು ಲೆಕ್ಕ ಹಾಕಿ ತೋರಿಸಬೇಕಿತ್ತು.

ಕಬ್ಬಿಣಾಂಶ ತಟ್ಟೆಯಲ್ಲಿದ್ದರೆ ಮುಗಿಯಲಿಲ್ಲ, ಅದು ಮೈಗೆ ಹತ್ತಬೇಕು. ಧಾನ್ಯದ ಕಬ್ಬಿಣಾಂಶದಲ್ಲಿ ದೇಹ ಹೀರುವುದು ಸ್ವಲ್ಪವೇ. ಊಟದ ಜೊತೆ ಲಿಂಬೆಹಣ್ಣು ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕುಗ್ಗುತ್ತದೆ. ಕಾಳನ್ನು ಮೊಳಕೆ ಬರಿಸಿದರೆ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಸಡಿಲಾಗುತ್ತದೆ. ‘ಕಾಳು ಮೊಳಕಿ ಬರಸೋದು ನಮ್ಮವ್ವಗ ಗೊತ್ತೈತ್ರಿ ಮೇಡಂ’ ಎಂಬ ಮಾತು ಇಂಥ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ. ಅವ್ವನಿಗೆ ಗೊತ್ತಿದೆ. ಆದರೆ ಊಟವಾದ ಮೇಲೆ ಚಹಾ ಕಾಸುವವಳೂ ಅದೇ ಅವ್ವ. ಮಗಳು ಮನೆಗೆ ಒಯ್ಯಬೇಕಾದ ಸುದ್ದಿ ಇದು: ಚಹಾ ಬಿಡಬೇಡ ಅವ್ವ, ಒಂದು ತಾಸು ತಡೆದು ಕುಡಿ.

ಬಾಕ್ಸ್: ತೋಳಿನ ಪಟ್ಟಿ ಹೇಳುವುದೇನು?
ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ಮಧ್ಯಭಾಗಕ್ಕೆ ಸುತ್ತುವ ಬಣ್ಣದ ಪಟ್ಟಿ ಇದು. 12.5 ಸೆಂ.ಮೀ.ಗಿಂತ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ, ಕೂಡಲೇ ಆಸ್ಪತ್ರೆ. ತೂಕದ ಯಂತ್ರ ಇಲ್ಲದ ತಾಂಡಾದಲ್ಲೂ ಈ ಪಟ್ಟಿ ನಡೆಯುತ್ತದೆ. ಶಿಶು ಬೆಳವಣಿಗೆಯ ಪ್ರಾಯೋಗಿಕ ಪಾಠಕ್ಕೆ ಇದಕ್ಕಿಂತ ಅಗ್ಗದ ಸಾಧನ ಇಲ್ಲ.

ನೀರಿನಿಂದ ಹುಟ್ಟಿದ ವಿಷಯ

ಗೃಹವಿಜ್ಞಾನದ ಬೇರು ಅಡುಗೆಮನೆಗಿಂತ ಹೆಚ್ಚಾಗಿ ರಸಾಯನಶಾಸ್ತ್ರದಲ್ಲಿದೆ. 1870ರಲ್ಲಿ ಅಮೆರಿಕದ ಎಂಐಟಿಗೆ ಸೇರಿದ ಮೊದಲ ಹೆಣ್ಣುಮಗಳು ಎಲೆನ್ ಸ್ವಾಲೋ ರಿಚರ್ಡ್ಸ್. ಮ್ಯಾಸಚೂಸೆಟ್ಸ್ ರಾಜ್ಯದ ಕೆರೆ, ನದಿ, ನಲ್ಲಿಗಳ ಸಾವಿರಾರು ನೀರಿನ ಮಾದರಿಗಳನ್ನು ಪರೀಕ್ಷಿಸಿದ ರಸಾಯನ ವಿಜ್ಞಾನಿ ಆಕೆ. 1893ರ ಷಿಕಾಗೋ ವಿಶ್ವಮೇಳದಲ್ಲಿ ಅಡುಗೆಮನೆಯೊಂದನ್ನು ತೆರೆದು, ಮಾರುವ ಊಟದ ಜೊತೆ ಅದರಲ್ಲಿರುವ ಪೋಷಕಾಂಶದ ವಿವರವನ್ನೂ ಕೊಟ್ಟಳು. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಆಕೆಯ ಮುಂದಾಳತ್ವದಲ್ಲಿ ನಡೆದ ಸಮಾವೇಶದಿಂದ ಈ ವಿಷಯಕ್ಕೆ ಪಠ್ಯಕ್ರಮದ ರೂಪ ಬಂತು.

ಆಕೆ ಯಲಬುರ್ಗಾಕ್ಕೆ ಬಂದಿದ್ದರೆ ಮೊದಲು ಕೊಳವೆಬಾವಿಯ ಬಳಿ ನಿಲ್ಲುತ್ತಿದ್ದಳು ಎಂದು ನನ್ನ ನಂಬಿಕೆ. ಯಲಬುರ್ಗಾ, ಕುಷ್ಟಗಿಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ ಒಂದೂವರೆವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ, ಆಮೇಲೆ ಕೀಲು ಬಿಗಿತ. ನೀರು ಕಾಸಿದರೆ ಎಲ್ಲ ಶುದ್ಧ ಎಂಬ ನಂಬಿಕೆ ಇಲ್ಲಿ ತಿರುಗುಮುರುಗಾಗುತ್ತದೆ. ಕಾಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕೊಡ ಕುಡಿಯಲಷ್ಟೇ ಅಲ್ಲ, ಬೇಳೆ ಬೇಯಿಸಲೂ ಬೇಕು ಎಂಬ ಮಾತನ್ನು ಮನೆಮನೆಗೆ ಮುಟ್ಟಿಸುವವರು ಯಾರು? ಎಂಜಿನಿಯರ್ ಘಟಕ ಕಟ್ಟಿಸಿ ಹೋಗುತ್ತಾರೆ. ಅಡುಗೆಯ ನೀರಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವಳು ಈ ವಿಷಯ ಓದಿದವಳು.

ಭಾರತದಲ್ಲಿ ಈ ಶಿಕ್ಷಣಕ್ಕೆ ನೆಲೆ ಸಿಕ್ಕಿದ್ದು ಮಹಿಳಾ ಚಳವಳಿಯಿಂದ. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1950ರಲ್ಲಿ ಬರೋಡ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನಕ್ಕೇ ಒಂದು ನಿಕಾಯ ಬಂದಾಗ ಅಲ್ಲಿ ಕುಲಪತಿಯಾಗಿದ್ದವರು ಹಂಸಾ ಮೆಹ್ತಾ. ಸಂವಿಧಾನ ರಚನಾ ಸಭೆಯಲ್ಲಿ ಕೂತು ಬಂದ ಹೆಣ್ಣುಮಗಳು.

ಹಂಸಾ ಮೆಹ್ತಾ ಹೆಸರು ಇನ್ನೊಂದು ಕಾರಣಕ್ಕೆ ನೆನಪಿರಬೇಕು. ಹುಡುಗರಿಗೊಂದು ಪಾಠ, ಹುಡುಗಿಯರಿಗೊಂದು ಪಾಠ ಬೇಕೇ ಎಂದು ಪರಿಶೀಲಿಸಲು 1960ರ ದಶಕದ ಆರಂಭದಲ್ಲಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತ್ತು. ಬೇಡ ಎಂದಿತು ಸಮಿತಿ. ಮಾಧ್ಯಮಿಕ ಶಾಲೆಯವರೆಗೆ ಗೃಹವಿಜ್ಞಾನವನ್ನು ಗಂಡು ಹೆಣ್ಣು ಇಬ್ಬರಿಗೂ ಕಲಿಸಿ ಎಂದಿತು. ಕೊಠಾರಿ ಆಯೋಗ ಆ ನಿಲುವನ್ನೇ ಎತ್ತಿಹಿಡಿಯಿತು. ಅರವತ್ತು ವರ್ಷ ಕಳೆದಿವೆ. ಇವತ್ತಿಗೂ ಈ ವಿಷಯ ಇರುವ ಕಡೆ ಹುಡುಗರ ಹಾಜರಿ ಇಲ್ಲವೆನ್ನುವಷ್ಟು ಕಡಿಮೆ. ಇದು ನಮ್ಮ ಶಿಕ್ಷಣ ವ್ಯವಸ್ಥೆ ಮಾಡಿಕೊಂಡ ದೊಡ್ಡ ನಷ್ಟಗಳಲ್ಲಿ ಒಂದು. ಜೋಳದ ರೊಟ್ಟಿ ಉಣ್ಣುವ ಗಂಡಸಿಗೆ ಅದರ ಲೆಕ್ಕ ಯಾಕೆ ಬೇಡ?

ಧಾರವಾಡದ ದಾರಿ

ಉತ್ತರ ಕರ್ನಾಟಕದ ಹುಡುಗಿಯರಿಗೆ ಈ ವಿದ್ಯೆಯ ಹೆಬ್ಬಾಗಿಲು ಧಾರವಾಡ. ಅಲ್ಲಿನ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಶುರುವಾದದ್ದು 1974ರಲ್ಲಿ. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಅಂಗವಾಯಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೇ ಡೀನ್‌ಗಳ ಸಮಿತಿಯ ಶಿಫಾರಸಿನಂತೆ ಈಗ ಸಮುದಾಯ ವಿಜ್ಞಾನ ಕಾಲೇಜು ಎಂಬ ಹೆಸರು. ಪದವಿ ನಾಲ್ಕು ವರ್ಷದ್ದು. ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ಜವಳಿ ಮತ್ತು ಉಡುಪು, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಇವೆಲ್ಲ ಸೇರಿ ಒಂದು ಪದವಿ.

ಕೊಪ್ಪಳದಿಂದ ಧಾರವಾಡಕ್ಕೆ ಗದಗ, ಹುಬ್ಬಳ್ಳಿ ಮೇಲೆ ಹಳೆಯ ರೈಲು ದಾರಿಯಿದೆ. ಕುಷ್ಟಗಿ, ಯಲಬುರ್ಗಾ ಭಾಗಕ್ಕೆ ಮಾತ್ರ ಬಸ್ಸೇ ಗತಿಯಾಗಿತ್ತು. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಶುರುವಾಯಿತು. ಮಗಳನ್ನು ದೂರ ಕಳಿಸಲು ಹಿಂಜರಿಯುವ ಅಪ್ಪನಿಗೆ ಊರಿಗೆ ಬಂದ ರೈಲು ಸಣ್ಣ ಧೈರ್ಯವಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 78ರ ಮೇಲಿದ್ದರೆ, ಹೆಂಗಸರದು ಶೇ 58ರ ಒಳಗೇ ಇತ್ತು. ಆ ಅಂತರದ ನಡುವೆಯೇ ಓದಿ ಬಂದ ತಾಯಂದಿರ ಮಕ್ಕಳು ಈಗ ಕಾಲೇಜಿನ ಬಾಗಿಲಲ್ಲಿದ್ದಾರೆ.

ಬಾಕ್ಸ್: ಉಪನ್ಯಾಸಕಿ ಆಗಲು
ಪಿಯು ಹಂತದಲ್ಲಿ ಗೃಹವಿಜ್ಞಾನ ಒಂದು ಐಚ್ಛಿಕ ವಿಷಯ, ಆದರೆ ಎಲ್ಲ ಕಾಲೇಜುಗಳಲ್ಲಿ ಇಲ್ಲ. ಕೃಷಿ ವಿ.ವಿ.ಯ ಸಮುದಾಯ ವಿಜ್ಞಾನ ಪದವಿಗೆ ಪಿಯು ವಿಜ್ಞಾನ ಓದಿ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಪಿಯು ಉಪನ್ಯಾಸಕಿಯಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಮತ್ತು ಬಿ.ಇಡಿ. ಬೇಕು. ಪದವಿ ಕಾಲೇಜಿಗೆ ಸ್ನಾತಕೋತ್ತರ ಪದವಿಯ ಜೊತೆ ಎನ್ಇಟಿ ಅಥವಾ ಕೆ–ಸೆಟ್. ಎರಡರಲ್ಲೂ ಗೃಹವಿಜ್ಞಾನ ಒಂದು ವಿಷಯ. ಮೀಸಲಾತಿಯವರಿಗೆ ಅಂಕದಲ್ಲಿ ಸಡಿಲಿಕೆ ಇದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ಹುದ್ದೆಗಳಲ್ಲಿ ಸ್ಥಳೀಯ ಮೀಸಲಾತಿ ಸಿಗುತ್ತದೆ. ಅದಕ್ಕೆ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ದಾರಿ ಸ್ಪಷ್ಟವಾಗಿದೆ, ಆದರೆ ಸುಲಭವಲ್ಲ ಎಂಬುದನ್ನು ಮುಚ್ಚಿಡಬಾರದು. ನಾಲ್ಕು ವರ್ಷದ ಪದವಿ, ಎರಡು ವರ್ಷದ ಸ್ನಾತಕೋತ್ತರ, ಎರಡು ವರ್ಷದ ಬಿ.ಇಡಿ. ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಹತ್ತು ಸಲ ಎದ್ದಿರುತ್ತದೆ. ಇಷ್ಟೆಲ್ಲ ಮಾಡಿ ಕೂತರೂ ಈ ವಿಷಯದ ಹುದ್ದೆಗಳು ಕನ್ನಡ, ಇತಿಹಾಸದಷ್ಟು ಇಲ್ಲ. ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕು. ಕಾಯುವ ಕಾಲದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ.

ಹಾಗಾಗಿ ಕಲಿಸುವ ಕೆಲಸಕ್ಕೆ ಕಾಲೇಜೊಂದೇ ಜಾಗ ಅಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳ ವಿಷಯ ತಜ್ಞರ ಪಟ್ಟಿಯಲ್ಲಿ ಗೃಹವಿಜ್ಞಾನಕ್ಕೂ ಸ್ಥಾನವಿದೆ. ಸಿರಿಧಾನ್ಯದ ಖಾದ್ಯ, ಹಣ್ಣು ತರಕಾರಿ ಸಂಸ್ಕರಣೆ, ಕೈತೋಟ, ಹೆಂಗಸರ ದುಡಿಮೆ ಹಗುರಾಗಿಸುವ ಉಪಕರಣ, ಇವೆಲ್ಲ ಅಲ್ಲಿ ಪಾಠ. ವಿದ್ಯಾರ್ಥಿನಿಯರು ಮೂವತ್ತು ದಾಟಿದವರು, ಅನೇಕರು ಅಜ್ಜಿಯರು. ಅಂಗನವಾಡಿ ಕಾರ್ಯಕರ್ತೆಯರ ತರಬೇತಿ, ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ, ಸ್ತ್ರೀಶಕ್ತಿ ಸಂಘಗಳ ಸಭೆ, ಇಲ್ಲೆಲ್ಲ ಇದೇ ಮೇಷ್ಟ್ರಿಕೆ ಬೇರೆ ಹೆಸರಿನಲ್ಲಿ ನಡೆಯುತ್ತದೆ.

ಬಡ್ಡಿ, ಬಣ್ಣ, ಬಟ್ಟೆ

ಈ ವಿಷಯದ ಅರ್ಧಭಾಗ ಊಟಕ್ಕೆ ಸಂಬಂಧಿಸಿದ್ದೇ ಅಲ್ಲ. ಕುಟುಂಬದ ದುಡ್ಡು ಮತ್ತು ಗ್ರಾಹಕರ ಹಕ್ಕು ಅದರ ಇನ್ನೊಂದು ಮಗ್ಗುಲು. ನನ್ನನ್ನು ಕೇಳಿದರೆ ಈಗಿನ ಕಾಲಕ್ಕೆ ಹೆಚ್ಚು ತುರ್ತಿನದು.

‘ನೂರಕ್ಕೆ ಮೂರರಂತೆ’ ಕೈಸಾಲ ತರುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಮೂರು ಎಂದರೆ ಕಡಿಮೆ ಅನ್ನಿಸುತ್ತದೆ. ಅದು ತಿಂಗಳಿಗೆ. ಹತ್ತು ಸಾವಿರಕ್ಕೆ ತಿಂಗಳಿಗೆ ಮುನ್ನೂರು, ವರ್ಷಕ್ಕೆ ಮೂರು ಸಾವಿರದ ಆರುನೂರು. ಅಂದರೆ ಶೇ 36. ಇನ್ನು ಕಂತಿನ ಸಾಲ. ಪ್ರತಿ ಕಂತಿನಲ್ಲೂ ಅಸಲು ತೀರುತ್ತಾ ಹೋದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಹಾಕಿದ್ದರೆ, ಹೇಳಿದ ಬಡ್ಡಿದರ ನಿಜದಲ್ಲಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಪಾಸ್‌ಬುಕ್ ಮುಂದಿಟ್ಟುಕೊಂಡು ಈ ಒಂದು ಲೆಕ್ಕ ಬಿಡಿಸಲು ಕಲಿತ ಹುಡುಗಿ ಸಂಘದ ಸಭೆಯಲ್ಲಿ ಅವ್ವನ ಪಕ್ಕ ಕೂತರೆ ಸಾಲ ಕೊಡಲು ಬಂದವರ ಮಾತಿನ ಧಾಟಿ ಬದಲಾಗುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಹಂತ ಮುಟ್ಟುವ ಮೊದಲೇ ತರಗತಿಯಲ್ಲಿ ಮಾಡಬಹುದಾದ ಕೆಲಸ ಇದು.

ಕಲಬೆರಕೆ ಪತ್ತೆಯ ಪ್ರಯೋಗದ ದಿನ ಪ್ರಯೋಗಾಲಯದಲ್ಲಿ ಸಂತೆಯ ಕಳೆ. ಹುಡುಗಿಯರು ಮನೆಯಿಂದ ಪೊಟ್ಟಣ ಕಟ್ಟಿಕೊಂಡು ಬರುತ್ತಾರೆ. ಅರಿಶಿಣ ಪುಡಿಯನ್ನು ಪರೀಕ್ಷಾ ನಳಿಕೆಯ ನೀರಿಗೆ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಗುಲಾಬಿ ಬಣ್ಣ ಏಳುತ್ತದೆ. ಇನ್ನಷ್ಟು ನೀರು ಸುರಿದಾಗ ಬಣ್ಣ ಮಾಯವಾದರೆ ಅರಿಶಿಣ ಶುದ್ಧ. ಹಾಗೇ ಉಳಿದರೆ ಮೆಟಾನಿಲ್ ಯೆಲ್ಲೋ ಎಂಬ ನಿಷೇಧಿತ ಬಣ್ಣ ಬೆರೆತಿದೆ. ಖಾರದ ಪುಡಿಯನ್ನು ನೀರಿನ ಗ್ಲಾಸಿಗೆ ಉದುರಿಸಿದರೆ ಇಟ್ಟಿಗೆ ಪುಡಿ ಬೇಗನೆ ತಳ ಸೇರುತ್ತದೆ. ಉಜ್ಜಿ ನೋಡಿದರೆ ಬೆರಳಿಗೆ ಮರಳಿನಂತೆ ತಾಗುತ್ತದೆ.

ಪತ್ತೆ ಮಾಡಿದ ಮೇಲೆ ಮುಂದೇನು ಎಂಬುದೂ ಪಾಠದಲ್ಲಿದೆ. ಬಿಲ್ ಇಟ್ಟುಕೊಳ್ಳುವುದು, 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯುವುದು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರಿನಿಂದ ಆನ್‌ಲೈನಿನಲ್ಲಿ ತರಿಸಿದ ಮಿಕ್ಸರ್ ಕೆಟ್ಟರೆ ಕುಷ್ಟಗಿಯಾಕೆ ಬೆಂಗಳೂರಿಗೆ ಅಲೆಯಬೇಕಿಲ್ಲ, ಕೊಪ್ಪಳಕ್ಕೆ ಹೋದರೆ ಆಯಿತು.

ಬಟ್ಟೆಯ ಪಾಠಕ್ಕಂತೂ ಈ ಸೀಮೆಯೇ ಪ್ರಯೋಗಾಲಯ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನೇಕಾರರಿದ್ದಾರೆ, ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲಿ ಮಗ್ಗಗಳಿವೆ, ಗಡಿ ದಾಟಿದರೆ ಇಳಕಲ್. ಸೆರಗನ್ನೂ ಒಡಲನ್ನೂ ಕುಣಿಕೆ ಕುಣಿಕೆಯಾಗಿ ಜೋಡಿಸುವ ಇಳಕಲ್ ಸೀರೆಯ ತೋಪ್ ತೆಣಿ ತಂತ್ರವನ್ನು ಪುಸ್ತಕದ ಚಿತ್ರದಲ್ಲಿ ನೋಡುವ ಅಗತ್ಯ ಇಲ್ಲಿನ ವಿದ್ಯಾರ್ಥಿನಿಗೆ ಇಲ್ಲ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳು ಅನೇಕರ ಅಜ್ಜಿಯ ಕೈಯಲ್ಲಿವೆ. ಮೇಡಂ ಮಾಡಬೇಕಾದದ್ದು ದಾರದ ತುದಿಗೆ ಕಡ್ಡಿ ಗೀರಿ ಹಿಡಿಯುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ಬಲ್ಲವಳಿಗೆ ರೇಷ್ಮೆಯೆಂದು ಹೇಳಿ ಬೇರೇನನ್ನೋ ಮಾರುವುದು ಕಷ್ಟ.

ಬಾಕ್ಸ್: ಮೊದಲ ಏಳರಲ್ಲಿ ಕೊಪ್ಪಳ
ರಾಜ್ಯದ ಅಕ್ಷರ ದಾಸೋಹ ಬಿಸಿಯೂಟ 2002ರ ಜೂನ್‌ನಲ್ಲಿ ಶುರುವಾದದ್ದು ಕೊಪ್ಪಳವೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆ ಕಲ್ಯಾಣ ಕರ್ನಾಟಕದಲ್ಲಿ ಆರಂಭವಾದಾಗಲೂ ಮೊದಲ ಪಟ್ಟಿಯಲ್ಲಿ ಕೊಪ್ಪಳವಿತ್ತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಇದೆ.

ಮೊಟ್ಟೆಯ ವಿಷಯ ಬಂದಾಗ ಗಂಗಾವತಿಯನ್ನು ನೆನೆಯಲೇಬೇಕು. ಮಠಾಧೀಶರ ವಿರೋಧ ಎದ್ದ ಆ ಡಿಸೆಂಬರ್‌ನಲ್ಲಿ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ತಮಗೆ ಮೊಟ್ಟೆ ಬೇಕೇ ಬೇಕು ಎಂದು ಗಟ್ಟಿ ದನಿಯಲ್ಲಿ ವಾದಿಸಿದ ವಿಡಿಯೊ ರಾಜ್ಯದ ಮೂಲೆಮೂಲೆಗೆ ಹೋಯಿತು. ಪರ, ವಿರೋಧ ಏನೇ ಇರಲಿ, ತನ್ನ ಮೈಗೆ ಏನು ಬೇಕು ಎಂದು ಒಬ್ಬ ಹುಡುಗಿ ನಾಲ್ಕು ಜನರ ಮುಂದೆ ಅಂಜದೆ ಹೇಳಿದ ಆ ಗಳಿಗೆ ನನಗೆ ತುಂಬ ದೊಡ್ಡದಾಗಿ ಕಂಡಿತ್ತು. ಇಂಥ ಹುಡುಗಿಯರ ಕೈಗೆ ಅಂಕಿಅಂಶವನ್ನೂ ಕೊಟ್ಟರೆ? ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ, ಮೊಟ್ಟೆ ತಿನ್ನದವಳಿಗೆ ಅಷ್ಟೇ ಪ್ರೋಟೀನ್ ಸಿಗಲು ಎಷ್ಟು ಶೇಂಗಾ, ಎಷ್ಟು ಹೆಸರುಕಾಳು ಬೇಕು ಎಂದು ಕೂಡಿ ಕಳೆದು ಹೇಳಬಲ್ಲ ಹುಡುಗಿಯ ಜೊತೆ ವಾದಕ್ಕೆ ನಿಲ್ಲುವವರು ತಾವೂ ಓದಿಕೊಂಡು ಬರಬೇಕಾಗುತ್ತದೆ.

ಜೂನ್ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪಿಯು ಕಾಲೇಜುಗಳ ಮುಂದೆ ಪ್ರವೇಶಕ್ಕೆ ಸಾಲು ನಿಲ್ಲುತ್ತದೆ. ವಿಷಯಗಳ ಪಟ್ಟಿಯಲ್ಲಿ ಗೃಹವಿಜ್ಞಾನ ಕಾಣದಿದ್ದರೆ ಪ್ರಾಂಶುಪಾಲರನ್ನು ಕೇಳಿ, ಕಾಲೇಜು ಅಭಿವೃದ್ಧಿ ಸಮಿತಿಗೆ ಒಂದು ಅರ್ಜಿ ಬರೆದುಕೊಡಿ. ವಿದ್ಯಾರ್ಥಿಗಳಿಲ್ಲ ಎಂದು ವ್ಯವಸ್ಥೆ ಹುದ್ದೆ ಕೊಡುವುದಿಲ್ಲ, ಮೇಡಂ ಇಲ್ಲ ಎಂದು ವಿದ್ಯಾರ್ಥಿಗಳು ಸೇರುವುದಿಲ್ಲ. ಈ ಗಂಟು ಬಿಚ್ಚಬೇಕಾದದ್ದು ಅರ್ಜಿಯ ಕಡೆಯಿಂದ. ಅರ್ಜಿಯ ಕೆಳಗೆ ಅಪ್ಪಂದಿರ ಸಹಿಯೂ ಇರಲಿ, ಗಂಡುಹುಡುಗರ ಹೆಸರೂ ಇರಲಿ.